ಸಂಜೆಯ ಗುಳಿಗೆ

ನಮ್ಮ ಅತ್ತೆ ಅನಸವ್ವನವರಿಗೆ ಒಬ್ಬರೇ ತಿನ್ನುವುದು ಬರುವುದಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದನ್ನು ದೊಡ್ಡ ಗುಣ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಅತ್ತೆಯ ಕೈಯಿಂದ ಏನಾದರೂ ಇಸಿದುಕೊಂಡು ತಿಂದವರೇ. ನಾನು ಸೊಸೆ, ನನ್ನ ಲೆಕ್ಕ ಬೇರೆ. ಒಂದು ಬಾಳೆಹಣ್ಣು ಕೊಟ್ಟರೆ ಅರ್ಧ ಮುರಿದು ಪಕ್ಕದವರ ಕೈಗಿಟ್ಟು, ಉಳಿದದ್ದರಲ್ಲಿ ಮತ್ತೆ ಅರ್ಧ ನನ್ನ ಮಗಳ ಬಾಯಿಗೆ ತುರುಕಿ, ಸಿಪ್ಪೆಯನ್ನು ಎದುರು ಮನೆಯ ಆಡಿಗೆ ಹಾಕಿ, ‘ಹೊಟ್ಟಿ ತುಂಬೇತಿ’ ಅನ್ನುವ ಹೆಂಗಸು ಅವರು. ಅಂಥವರಿಗೆ ಉಣ್ಣಿಸಿ ನೋಡಿ, ಆಗ ಗೊತ್ತಾಗುತ್ತದೆ. ಈ ಗುಣವೇ ಒಂದು ಸಲ ಅವರ ಜೀವದ ಮೇಲೆ ಬಂತು.

ಅವರು ಹುಟ್ಟಿದ್ದು ರಬಕವಿಯಲ್ಲಿ, ಕೊಟ್ಟಿದ್ದು ಬನಹಟ್ಟಿಗೆ. ನಡುವೆ ನಡೆದುಕೊಂಡು ಹೋಗುವಷ್ಟೇ ದಾರಿ. ಎರಡೂ ಕಡೆ ಮಗ್ಗದ ಸಪ್ಪಳ ಒಂದೇ ಆದ್ದರಿಂದ ತವರು ಬಿಟ್ಟು ಬಂದೆ ಅಂತ ತಮಗೆ ಅನ್ನಿಸಲೇ ಇಲ್ಲ ಅನ್ನುತ್ತಾರೆ. ನಾನು ಮುಧೋಳದಿಂದ ಬಂದವಳು. ಮೊದಲ ತಿಂಗಳು ಆ ಸಪ್ಪಳಕ್ಕೆ ತಲೆ ಸಿಡಿದು ಹೋಗುತ್ತಿತ್ತು. “ಸುಮ್ನಿರು ಶ್ರೀದೇವಿ, ಇದು ನಿಂತ ದಿನ ನಿನಗ ನಿದ್ದಿ ಬರಂಗಿಲ್ಲ” ಅಂದಿದ್ದರು ಅತ್ತೆ. ಹಾಗೇ ಆಯಿತು.

ಮನೆಯ ಹಿಂದೆ ಪತ್ರಾಸಿನ ತಗಡು ಹೊದಿಸಿದ ಕೋಣೆಯಲ್ಲಿ ಎರಡು ಪಾವರ್‌ಲೂಮ್. ಒಂದರ ಮುಂದೆ ಮಾವ ರಾಮಲಿಂಗಪ್ಪ, ಇನ್ನೊಂದರ ಮುಂದೆ ಅತ್ತೆ. ನನ್ನ ಗಂಡ ಮುತ್ತಣ್ಣ ಸೀರೆ ಗಂಟು ಹೊತ್ತುಕೊಂಡು ಅಂಗಡಿ ಅಂಗಡಿ ತಿರುಗುತ್ತಾರೆ, ನಾನು ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಆದರೆ ನೇಯ್ಗೆ ಅಂದರೆ ಆ ಇಬ್ಬರದೇ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಲ್ಲಿ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ನೂಲಿನ ತುದಿಯನ್ನು ಲಾಳಿಯ ಪುಟ್ಟ ತೂತಿನಿಂದ ಹೊರಗೆ ತರಬೇಕು. ತಂತಿಯ ಕೊಕ್ಕೆ ಹಾಕಿಯೂ ತರಬಹುದು, ಆದರೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ನಮ್ಮ ಕಡೆ ಹಳಬರು ತೂತಿಗೆ ತುಟಿ ಹಚ್ಚಿ ಉಸಿರು ಎಳೆಯುತ್ತಾರೆ, ನೂಲು ಸರಕ್ಕನೆ ಬಾಯಿಗೆ ಬರುತ್ತದೆ. ಅತ್ತೆಗೆ ಒಂದೇ ಉಸಿರು ಸಾಕು. ಮಾವ ಎರಡು ಸಲ ಎಳೆದೂ ನೂಲು ಬರದಿದ್ದರೆ, “ಕೊಡ್ರಿಲ್ಲೆ, ನಿಮ್ಮ ಉಸಿರೆಲ್ಲಾ ಬೀಡ್ಯಾಗ ಹೋಗೇತಿ” ಅಂತ ಕಸಿದುಕೊಂಡು ಎಳೆದು ಕೊಡುತ್ತಿದ್ದರು. ಮದುವೆಯಾದಾಗಿನಿಂದ ಹೀಗೆ ಆ ಲಾಳಿಗಳು ಇಬ್ಬರ ಬಾಯಿಗೂ ಬಿದ್ದಿವೆ.

ಊಟವೂ ಹಾಗೇ. ಮಧ್ಯಾಹ್ನ ಕರೆಂಟು ಹೋದಾಗ ಎರಡೂ ಮಗ್ಗ ಒಟ್ಟಿಗೆ ನಿಲ್ಲುತ್ತವೆ. ಬರುವುದರೊಳಗೆ ಉಣ್ಣಬೇಕು. ಎರಡು ಗಂಗಾಳ ಯಾಕೆ, ತೊಳೆಯುವವರು ಯಾರು ಅಂತ ಒಂದರಲ್ಲೇ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ ಇಟ್ಟುಕೊಂಡು ಎದುರುಬದುರು ಕೂರುತ್ತಿದ್ದರು. ನಾನು ಬಂದ ಹೊಸದರಲ್ಲಿ ಆ ವಯಸ್ಸಿನಲ್ಲಿ ಗಂಡ ಹೆಂಡತಿ ಹಾಗೆ ಉಣ್ಣುವುದನ್ನು ಕಂಡು ನಾಚಿಕೆಯಾಗಿ ಒಳಗೆ ಹೋಗುತ್ತಿದ್ದೆ.

ಹೊಟ್ಟೆ ಉರಿಯೂ ಇಬ್ಬರಿಗೂ ಹಳೆಯದು. ಮಾವ ತೇಗುವುದು ಓಣಿಯ ತುದಿಗೆ ಕೇಳುತ್ತಿತ್ತು. ಅತ್ತೆ ಅಜವಾನ ಅಗಿದು ಬಿಸಿನೀರು ಕುಡಿದರೆ, ಮಾವ ಸೋಡಾ ಪುಡಿ ಕಲಸಿಕೊಂಡು ಕುಡಿಯುತ್ತಿದ್ದರು. ಆದರೆ ಹೋದ ವರ್ಷ ಅತ್ತೆಯದು ಬೇರೆ ದಾರಿ ಹಿಡಿಯಿತು. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತು ಅನ್ನತೊಡಗಿದರು. ಉಳಿದ ಅರ್ಧ ಯಾರಿಗೋ ಕೊಡುವುದು ಅವರ ಚಾಳಿಯೇ ಆದ್ದರಿಂದ ನಾವ್ಯಾರೂ ಗಮನಿಸಲಿಲ್ಲ. ಕುಪ್ಪಸ ಸಡಿಲಾದಾಗ ಒಳಗೆ ಹೊಲಿಗೆ ಹಾಕಿಕೊಂಡರು. ಒಂದು ದಿನ ಮಗ್ಗ ನಡೆದಿರುವಾಗಲೇ ಅತ್ತೆ ನೆಲಕ್ಕೆ ಕೂತುಬಿಟ್ಟರು. ಮಗ್ಗ ನಿಲ್ಲಿಸದೆ ಅತ್ತೆ ಕೂತದ್ದನ್ನು ಮಾವ ಆವತ್ತೇ ಮೊದಲು ಕಂಡದ್ದು. ಅವರೇ ಓಡಿ ಎರಡೂ ಮಗ್ಗ ಬಂದ್ ಮಾಡಿದರು.

ಜಮಖಂಡಿಯಲ್ಲಿ ಬಾಯಿಂದ ನಳಿಗೆ ಇಳಿಸಿ ಕ್ಯಾಮೆರಾದಲ್ಲಿ ಹೊಟ್ಟೆಯ ಒಳಗು ನೋಡಿದರು. ಒಂದು ಕಡೆ ದಪ್ಪಗೆ ಬಾತು ಕೆಂಪಾಗಿದೆ ಅಂತ ಅಲ್ಲಿಂದ ಚಿವುಟಿ ತೆಗೆದು ತಪಾಸಣೆಗೆ ಕಳಿಸಿದರು. ರಿಪೋರ್ಟು ಬಂದ ಮೇಲೆ ಬೆಳಗಾವಿಗೆ ಹೋಗಿರಿ ಅಂದರು. ಬೆಳಗಾವಿಯ ದೊಡ್ಡ ಆಸ್ಪತ್ರೆಯ ಡಾಕ್ಟರ್ ಬಾಯಿ (ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಹಾಗೇ ಅನ್ನುವುದು) ಕಾಗದಗಳನ್ನು ನೋಡುತ್ತಿದ್ದಾಗ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತು, ಗುರುತಿಲ್ಲದ ಹೆಂಗಸೊಬ್ಬಳ ಸೆರಗಿಗೆ ತಾವು ತಿನ್ನಲು ಕಟ್ಟಿಕೊಂಡು ಬಂದ ಚುನಮುರಿ ಸುರಿಯುತ್ತಿದ್ದರು.

ಒಳಗೆ ಡಾಕ್ಟರ್ ಬಾಯಿ ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಅತ್ತೆಯ ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಹೆಲಿಕೋಬ್ಯಾಕ್ಟರ್ ಅಂತ ಅದರ ಹೆಸರು, ನಮ್ಮ ಮಾತಿನಲ್ಲಿ ಹುಳ. ಸಾಮಾನ್ಯವಾಗಿ ಸಣ್ಣವರಿದ್ದಾಗಲೇ ಬಂದು ಸೇರುತ್ತದೆ. ನಮ್ಮ ಕಡೆ ಎಷ್ಟೋ ಜನರ ಹೊಟ್ಟೆಯಲ್ಲಿ ಅದು ಇರುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣಾಗುತ್ತದೆ. ಎಲ್ಲೋ ಒಬ್ಬಿಬ್ಬರಿಗೆ ಮಾತ್ರ ಹೀಗೆ: ಆ ಹುಳದ ಜೊತೆ ಬಡಿದಾಡಲು ಬಂದ ನಮ್ಮದೇ ರಕ್ತದ ಕಾವಲು ಕಣಗಳು ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತವೆ. ಕೊನೆಗೆ ಅವುಗಳಲ್ಲಿ ಕೆಲವು ಹದ ತಪ್ಪಿ, ಸುಮ್ಮಸುಮ್ಮನೆ ಬೆಳೆಯತೊಡಗುತ್ತವೆ. ಅದಕ್ಕೆ ಲಿಂಫೋಮಾ ಅನ್ನುತ್ತಾರೆ. ಅದೊಂದು ಜಾತಿಯ ಕ್ಯಾನ್ಸರ್.

ಮುತ್ತಣ್ಣ ಕುರ್ಚಿಯ ಹಿಡಿಕೆ ಹಿಡಿದುಕೊಂಡರು. ಮಾವ ಏನೂ ಕೇಳಿಸದವರ ಹಾಗೆ ಗೋಡೆ ನೋಡುತ್ತಿದ್ದರು.

“ಹೆದರಬ್ಯಾಡ್ರಿ” ಅಂದರು ಡಾಕ್ಟರ್ ಬಾಯಿ. “ಓಣ್ಯಾಗ ಜಗಳ ಹತ್ತಿದ್ರ ಮಂದಿ ಕೂಡ್ತಾರಲ್ರಿ? ಜಗಳ ಬಿಡಿಸಿದ್ರ ತಮ್ಮಷ್ಟಕ್ಕ ತಾವು ಮನಿಗಿ ಹೋಗ್ತಾರ. ಇದೂ ಹಂಗ. ಸುರುವಿನಾಗ ಸಿಕ್ಕೇತಿ. ಮೊದಲ ಹುಳ ಕೊಲ್ಲೂಣು. ಹುಳ ಸತ್ರ ಗಂಟು ತಾನಾಗೇ ಕರಗೂದು ಭಾಳ ಮಂದ್ಯಾಗ ನೋಡೇವಿ. ಎರಡು ವಾರ ಗುಳಿಗಿ, ಮುಂಜಾನೆ ಸಂಜಿ. ಒಂದು ಹೊತ್ತೂ ತಪ್ಪಬಾರ್ದು. ಅದಕ್ಕೂ ಕರಗಲಿಲ್ಲಂದ್ರ ಕರೆಂಟ್ ಕೊಡೂದು, ಅಂದ್ರ ರೇಡಿಯೇಶನ್, ಇಲ್ಲಾ ಬ್ಯಾರೆ ಔಷಧಾ ನೋಡೂಣು. ಅವರಿಗೆ ಎಲ್ಲಾ ತಿಳಿಸಿ ಹೇಳ್ರಿ.”

“ಮನಿಗಿ ಹೋಗಿ ಹೇಳ್ತೇವ್ರಿ” ಅಂದರು ಮುತ್ತಣ್ಣ.

ಮನೆಗೆ ಬಂದು ಏನು ಹೇಳಿದರು ಗೊತ್ತೇ? “ಯವ್ವಾ, ಗ್ಯಾಸ್ ಭಾಳ ಆಗೇತಂತ. ಹೊಟ್ಟ್ಯಾಗ ಹುಳ ಅದಾವಂತ. ಗುಳಿಗಿ ಕೊಟ್ಟಾರ.” ಅಷ್ಟೇ. ನಾನು ಅಡುಗೆ ಮನೆಯಲ್ಲಿ ಅಪ್ಪ ಮಗ ಇಬ್ಬರನ್ನೂ ನಿಲ್ಲಿಸಿ ಜಗಳ ತೆಗೆದೆ. ಅವರೇನು ಹಸುಗೂಸೇ, ತಮ್ಮ ಹೊಟ್ಟೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಬಾರದೇ ಅಂದೆ. ಮಾವ ನನ್ನ ಮುಖ ನೋಡಲಿಲ್ಲ. “ಆಕಿ ಮುಂದ ಆ ಹೆಸರು ತಗೀಬ್ಯಾಡವಾ. ಕೇಳಿದ್ರ ಅರ್ಧ ಜೀವ ಅಲ್ಲೇ ಹೋಗ್ತೈತಿ” ಅಂದರು. ಹೆದರಿದವರು ಇವರು, ಹೆಸರು ಅತ್ತೆಯದು. ಹಿರಿಯರ ಕಣ್ಣಲ್ಲಿ ನೀರು ಕಂಡ ಮೇಲೆ ನನ್ನ ಬಾಯಿ ಕಟ್ಟಿತು, ಆದರೆ ಸಿಟ್ಟು ಇಳಿಯಲಿಲ್ಲ.

ಅತ್ತೆ ಗುಳಿಗೆಗಳನ್ನು ಮಗ್ಗದ ಕೋಣೆಯ ಗೂಡಿನಲ್ಲಿಟ್ಟು, ಹೊತ್ತು ಹೊತ್ತಿಗೆ ಹೋಗಿ ತೆಗೆದುಕೊಳ್ಳುತ್ತಿದ್ದರು. ಎರಡು ವಾರಕ್ಕೆ ಸರಿಯಾಗಿ ಪಾಕೀಟು ಖಾಲಿಯಾಯಿತು. ಉರಿ ಕಡಿಮೆಯಾಗಿದೆ ಅಂದರು. ವಿಚಿತ್ರ ಅಂದರೆ ಮಾವನ ತೇಗೂ ಕಡಿಮೆಯಾಯಿತು. ಹೆಂಡತಿಯ ಚಿಂತೆಯಲ್ಲಿ ಉಂಡಿಲ್ಲ, ಅದಕ್ಕೇ ತೇಗಿಲ್ಲ ಅಂದುಕೊಂಡೆ.

ಎರಡು ತಿಂಗಳು ಬಿಟ್ಟು ಮತ್ತೆ ಬೆಳಗಾವಿಗೆ ಹೋದೆವು. ಮತ್ತೆ ನಳಿಗೆ, ಮತ್ತೆ ತಪಾಸಣೆ. ಈ ಸಲ ಡಾಕ್ಟರ್ ಬಾಯಿ ಅತ್ತೆಯನ್ನೂ ಒಳಗೆ ಕರೆದು ಎದುರಿಗೆ ಕೂರಿಸಿಕೊಂಡರು. ಅವರ ಮುಖ ನೋಡಿಯೇ ನನಗೆ ತಿಳಿಯಿತು.

“ಹುಳ ಹಂಗೇ ಅದಾವ್ರಿ. ಗಂಟೂ ಇದ್ದಷ್ಟೇ ಐತಿ. ಗುಳಿಗಿ ಪೂರಾ ತಗೊಂಡ್ರೇನ್ರಿ ಅಮ್ಮಾರ?”

“ಒಂದೂ ಉಳಿಸಿಲ್ರಿ. ಪಾಕೀಟು ಖಾಲಿ.”

ಮಾವನಿಗೆ ಡಾಕ್ಟರ್ ಬಾಯಿಯ ಮನಸ್ಸಿಗೆ ಬೇಜಾರಾಯಿತೇನೋ ಅನ್ನಿಸಿತೆಂದು ಕಾಣುತ್ತದೆ. ಮುಂದೆ ಬಾಗಿ ದೊಡ್ಡ ಮನಸ್ಸಿನಿಂದ ಹೇಳಿದರು: “ಗುಳಿಗಿ ಭಾಳ ಛಲೋ ಅದಾವ ಬಿಡ್ರಿ ಬಾಯಾರ. ನನಗಂತೂ ಉರಿ ಪೂರಾ ಕಡಿಮಿ ಆತು.”

“ನಿಮಗ ನಾ ಎಲ್ಲಿ ಗುಳಿಗಿ ಕೊಟ್ಟೇನ್ರಿ?”

ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆ ತಲೆಯ ಮೇಲಿನ ಫ್ಯಾನ್ ನೋಡತೊಡಗಿದರು. “ನೀನೇ ಅಂದ್ಯಲ್ಲ, ಇಬ್ರಿಗೂ ಕೊಟ್ಟಾರ ಅಂತ?” ಅಂದರು ಮಾವ.

ಆದರೆ ಬಾಯಿ ಬಿಟ್ಟಾಗ ಅತ್ತೆಗೆ ಏನೂ ಮುಜುಗರವಿರಲಿಲ್ಲ. “ಮುಂಜಾನಿಂದು ನಾ ತಗೊಂಡೆ, ಸಂಜಿಂದು ಅವರಿಗೆ ಕೊಟ್ಟೆ. ಅವರಿಗೂ ಅದೇ ಉರಿ ಅಲ್ರಿ? ಒಂದೇ ಲಾಳಿ ಎಳೀತೇವಿ, ಒಂದೇ ಗಂಗಾಳದಾಗ ಉಣ್ತೇವಿ. ನನ್ನ ಹೊಟ್ಟ್ಯಾಗ ಹುಳ ಇದ್ರ ಅವರ ಹೊಟ್ಟ್ಯಾಗ ಇರಂಗಿಲ್ಲೇನ್ರಿ? ನಾ ಒಬ್ಬಾಕಿ ಹೆಂಗ ನುಂಗ್ಲಿ? ನಂದು ತಗೋರಿ ಅಂದ್ರ ಅವರು ತಗೊಳ್ಳಂಗಿಲ್ಲ, ಅದಕ್ಕ ನಿಮ್ಮ ಹೆಸರು ಹೇಳಿದೆ.”

ಡಾಕ್ಟರ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಮ್ಮಾರ, ಕ್ಯಾನ್ಸರ್ ಐತಿ ಅಂತ ಗೊತ್ತಿದ್ದೂ ಹಿಂಗ ಗುಳಿಗಿ ಹಂಚಿದ್ರೇನ್ರಿ?”

“ಯಾರಿಗ್ರಿ?” ಅಂದರು ಅತ್ತೆ.

ಅತ್ತೆ ಮಾವನನ್ನು ನೋಡಿದರು, ಮಗನನ್ನು ನೋಡಿದರು, ನನ್ನನ್ನು ನೋಡಿದರು. ನಮ್ಮ ಮೂರೂ ಮುಖ ನೋಡಿದ ಮೇಲೆ ಅವರಿಗೆ ಉತ್ತರ ಬೇಕಾಗಲಿಲ್ಲ. ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡು ನೆಟ್ಟಗೆ ಕೂತರು.

ಡಾಕ್ಟರ್ ಬಾಯಿ ಗಂಡಸರಿಬ್ಬರನ್ನೂ ಚೆನ್ನಾಗಿ ಬೈದರು. ಆಮೇಲೆ ಅತ್ತೆಗೆ ಎಲ್ಲವನ್ನೂ ಮೊದಲಿನಿಂದ ಹೇಳಿದರು, ಓಣಿಯ ಜಗಳದ ಮಾತನ್ನೂ ಬಿಡಲಿಲ್ಲ. ಅರ್ಧ ಔಷಧಿ ತಿಂದ ಹುಳ ಸಾಯುವುದಿಲ್ಲ, ಗಟ್ಟಿಯಾಗುತ್ತದೆ. ಹಳೆಯ ಗುಳಿಗೆ ಇನ್ನು ನಾಟದೇ ಹೋಗಬಹುದು, ಈಗ ಬೇರೆಯವು ಕೊಡಬೇಕು ಅಂದರು. ಅವಕ್ಕೂ ಬಗ್ಗದಿದ್ದರೆ ಕರೆಂಟ್ ಕೊಡುವ ದಾರಿಯೇ.

“ಈಗ ಪೂರಾ ತಗೊಂಡ್ರ ಹೋಗ್ತೈತೇನ್ರಿ?” ಅತ್ತೆ ಕೇಳಿದ್ದು ಇಷ್ಟೇ.

“ಹೋಗೂ ಸಾಧ್ಯತಾ ಭಾಳ ಐತಿ. ಖಾತ್ರಿ ಕೊಡಾಕ ಬರಂಗಿಲ್ಲ.”

“ಲಾಳಿಯಿಂದಾನೇ ಬಂತೇನ್ರಿ ಇದು?” ಅಂತ ಮಾವ ಕೇಳಿದರು. ಅದನ್ನು ಯಾರೂ ಹೇಳಲಾರರು, ಸಣ್ಣವರಿದ್ದಾಗ ಕುಡಿದ ನೀರಿನಿಂದಲೂ ಬಂದಿರಬಹುದು, ಮನೆಯವರ ಎಂಜಲಿನಿಂದಲೂ ಬಂದಿರಬಹುದು ಅಂದರು ಡಾಕ್ಟರ್ ಬಾಯಿ. ಆದರೂ ಇನ್ನು ಮೇಲೆ ಲಾಳಿಗೆ ಬಾಯಿ ಹಚ್ಚಬೇಡಿ ಅಂದರು. ಮಾವನ ಹೊಟ್ಟೆಯನ್ನೂ ತಪಾಸಣೆ ಮಾಡಿಸಿದರು. ಅತ್ತೆ ಅಂದದ್ದು ಸುಳ್ಳಾಗಿರಲಿಲ್ಲ, ಹುಳ ಅಲ್ಲಿಯೂ ಇತ್ತು. ಗಂಟು ಮಾತ್ರ ಇರಲಿಲ್ಲ. ಅವರಿಗೆ ಅವರದೇ ಗುಳಿಗೆ ಬರೆದುಕೊಟ್ಟರು.

ಊರಿಗೆ ಮರಳುವಾಗ ಗೋಕಾಕ ದಾಟಿ ಮಹಾಲಿಂಗಪುರ ಬರುವ ತನಕ ಅತ್ತೆ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಳಲೂ ಇಲ್ಲ. ಮನೆಗೆ ಬಂದವರೇ ಕೈಕಾಲು ತೊಳೆದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಊಟಕ್ಕೆ ಬಡಿಸಿದರು. ಮಾವನಿಗೆ ಬೇರೆ ಗಂಗಾಳ. ಮಾವ ರೊಟ್ಟಿ ಮುರಿದರು, ಬಾಯಿಗೆ ಇಡಲಾಗಲಿಲ್ಲ.

“ಉಣ್ರಿ. ಬ್ಯಾನಿ ನನಗೈತಿ, ನಿಮಗಲ್ಲ” ಅಂದರು ಅತ್ತೆ. ಆಮೇಲೆ ಸಿಟ್ಟು ಹೊರಗೆ ಬಂತು. “ನೀವು ಹೇಳಿದ್ರ ನಾ ಹಂಚ್ತಿದ್ದಿಲ್ಲ. ಗ್ಯಾಸಿನ ಗುಳಿಗಿ ಅಂತ ಹಂಚಿದೆ. ಜೀವ ಉಳಿಸೂ ಗುಳಿಗಿ ಹಂಚಾಕ ನನಗೇನ್ ಹುಚ್ಚು ಹಿಡದಿತ್ತೇನು? ನನಗೂ ಬದಕಬೇಕು ಅಂತ ಐತ್ರಿ.”

“ನೀ ಹೇಳಿದ್ರ ನಾ ತಗೋತಿದ್ದಿಲ್ಲ” ಅಂದರು ಮಾವ ಮೆಲ್ಲಗೆ. “ನಿನ್ನ ಪಾಲಿಂದು ನುಂಗೇನಲ್ಲ ನಾನು. ದಿನಾ ಸಂಜಿಕ್ಕ ನಿನ್ನ ಕೈಯಿಂದಾನೇ ಇಸಕೊಂಡು ನುಂಗೇನಿ.”

ಇಬ್ಬರೂ ಖರೆಯನ್ನೇ ಹೇಳಿದರು, ಹೊತ್ತು ಮೀರಿ ಹೇಳಿದರು. ಮುತ್ತಣ್ಣ ಎದ್ದು ಹೊರಗೆ ಹೋದರು. ನಾನು ಅಲ್ಲೇ ಕೂತು ಅತ್ತೆ ಬಡಿಸಿದ್ದನ್ನು ಉಂಡೆ, ಯಾಕೆಂದರೆ ಅವರಿಗೆ ಆ ಹೊತ್ತಿನಲ್ಲಿ ಯಾರಾದರೂ ಉಣ್ಣುವುದು ಬೇಕಾಗಿತ್ತು.

ಮರುದಿನದಿಂದ ನಾನು ಬೇರೆಯದೇ ಅತ್ತೆಯನ್ನು ನೋಡಿದೆ. ಹೊಸ ಗುಳಿಗೆ ಘಾಟು. ಬಾಯಿಯೆಲ್ಲ ತಾಮ್ರದ ನಾಣ್ಯ ಚೀಪಿದ ಹಾಗೆ ಅನ್ನುತ್ತಿದ್ದರು. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ ಅಂತ ಡಾಕ್ಟರ್ ಬಾಯಿ ಮೊದಲೇ ಹೇಳಿದ್ದರು. ವಾಕರಿಕೆ ಬಂದರೂ ಗೋಡೆ ಹಿಡಿದು ನಿಂತು ತಡೆದುಕೊಳ್ಳುತ್ತಿದ್ದರು, ನುಂಗಿದ್ದು ಹೊರಗೆ ಬರಬಾರದು ಅಂತ. ಓಣಿಯ ಕಟ್ಟೆಯ ಮೇಲೆ ಕೂತು, ದನಿ ಇಳಿಸದೆ, “ನನಗ ಕ್ಯಾನ್ಸರ್ ಆಗೇತಿ. ಹುಳದಿಂದ ಆಗೂವಂಥಾದ್ದು. ಗುಳಿಗಿ ನಡದಾವ” ಅಂತ ತಾವೇ ಎಲ್ಲರಿಗೂ ಹೇಳಿದರು. ಯಾವ ಹೆಸರು ಕೇಳಿದರೆ ಅರ್ಧ ಜೀವ ಹೋಗುತ್ತದೆ ಅಂದಿದ್ದರೋ, ಆ ಹೆಸರು ಅವರ ಬಾಯಲ್ಲಿ ನೆಗಡಿ ಕೆಮ್ಮಿನ ಹಾಗೆ ಬರುತ್ತಿತ್ತು. ಮಾವ ಮಾತ್ರ ಅದು ಕಿವಿಗೆ ಬಿದ್ದಾಗಲೆಲ್ಲ ಮಗ್ಗ ಚಾಲೂ ಮಾಡುತ್ತಿದ್ದರು.

ಎದುರು ಮನೆಯ ಬನಶಂಕರಿ ಒಂದು ಸಂಜೆ ಬಂದು, “ಅನಸವ್ವಕ್ಕ, ನನಗೂ ಹೊಟ್ಟಿ ಉರಿ ಭಾಳ ಆಗೇತಿ. ಒಂದೆರಡು ಗುಳಿಗಿ ಕೊಡಬೇ” ಅಂದಳು. ಕೇಳುವುದರಲ್ಲಿ ಅವಳ ತಪ್ಪಿಲ್ಲ, ಈ ಮನೆಯಲ್ಲಿ ಕೇಳಿದ್ದಕ್ಕೆ ಇಲ್ಲ ಅಂದದ್ದನ್ನು ಅವಳು ಕಂಡೇ ಇರಲಿಲ್ಲ.

“ಚಹಾ ಕುಡದು ಹೋಗು. ಗುಳಿಗಿ ಕೊಡಂಗಿಲ್ಲ” ಅಂದರು ಅತ್ತೆ. “ಉರಿ ಇದ್ರ ದವಾಖಾನಿಗೆ ಹೋಗಿ ತೋರಿಸು. ಇದು ನಂದು.”

ಬನಶಂಕರಿಗೆ ಸಿಟ್ಟು ಬಂತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವಳ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ.

ಮಾವ ಹಳೆಯ ಛತ್ರಿಯ ಕಡ್ಡಿ ಬಗ್ಗಿಸಿ ಎರಡು ಕೊಕ್ಕೆ ಮಾಡಿದರು, ಅತ್ತೆಗೊಂದು ತಮಗೊಂದು. ಕೊಕ್ಕೆಯಿಂದ ನೂಲು ಎಳೆಯುವುದು ಅತ್ತೆಗೆ ಸುತರಾಂ ಒಗ್ಗಲಿಲ್ಲ. “ಇಷ್ಟೊತ್ತಿನಾಗ ಒಂದು ಸೀರಿ ನೇದು ಮಡಚಿ ಇಡ್ತಿದ್ದೆ” ಅಂತ ಗೊಣಗುತ್ತಿದ್ದರು. ಆದರೂ ಲಾಳಿಗೆ ಬಾಯಿ ಹಚ್ಚಲಿಲ್ಲ. ಮಾವನ ಜೊತೆ ಮಾತು ಮೊದಲಿನ ಹಾಗೆ ಆಗಲಿಲ್ಲ. ಬೇಕಾದಷ್ಟೇ ಆಡುತ್ತಿದ್ದರು. ಮಾವ ಅದನ್ನು ಸಹಿಸಿಕೊಂಡು, ದಿನಾ ಸಂಜೆ ಒಂದು ತಂಬಿಗೆ ನೀರು ತಂದು ಅತ್ತೆಯ ಪಕ್ಕ ಇಟ್ಟು, ಅವರು ಗುಳಿಗೆ ನುಂಗುವ ತನಕ ನಿಂತು ಹೋಗುತ್ತಿದ್ದರು.

ಗುಳಿಗೆ ಮುಗಿದವು. ಕಾಯುವುದು ಉಳಿಯಿತು. ಅತ್ತೆ ಒಂದು ರೊಟ್ಟಿ ಪೂರ್ತಿ ಉಂಡರೆ ಆ ದಿನ ನಮಗೆಲ್ಲ ಹಬ್ಬ, ಅರ್ಧ ಬಿಟ್ಟರೆ ನಮಗ್ಯಾರಿಗೂ ಊಟ ಸೇರುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಬೆಳಗಾವಿಗೆ ಹೋಗಿ ಮತ್ತೆ ನಳಿಗೆ ಇಳಿಸಿಕೊಂಡು ಬಂದರು. ರಿಪೋರ್ಟು ಹೇಳಲು ಕರೆದ ದಿನ ನಾವು ನಾಲ್ವರೂ ಹೋದೆವು. ಹೆಸರು ಕೂಗಿದಾಗ ಮುತ್ತಣ್ಣ ಎದ್ದರು, ಮಾವನೂ ಎದ್ದರು.

“ಎಲ್ಲಾರೂ ಕುಂದರ್ರಿ” ಅಂದರು ಅತ್ತೆ. “ಹೊಟ್ಟಿ ನಂದು. ಮೊದಲ ನನಗ ಹೇಳಲಿ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎಷ್ಟು ಹೊತ್ತಾಯಿತೋ ತಿಳಿಯದು. ಮಾವ ಧೋತರದ ಅಂಚನ್ನು ಹೆಬ್ಬೆರಳಿನಿಂದ ಹೊಸೆಯುತ್ತ ಕೂತಿದ್ದರು. ನನಗೂ ಭಯ ಹಿಡಿದಿತ್ತು. ಜಗಳವಾಡಲು, ಬೈಯಲು, ಉಣ್ಣು ಅಂತ ಬೆನ್ನು ಹತ್ತಲು ನನಗೆ ಆ ಹೆಂಗಸು ಬೇಕಾಗಿತ್ತು. ಹಾಗಂತ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಅತ್ತೆ ಹೊರಗೆ ಬಂದರು. ಅವರ ಮುಖದಲ್ಲಿ ಏನೂ ಓದಲು ಬರಲಿಲ್ಲ. ಮಾವನ ಎದುರಿಗೆ ನಿಂತು ಹೇಳಿದರು: “ಹುಳ ಸತ್ತಾವಂತ. ಗಂಟು ಕರಗಾಕತ್ತೈತಂತ. ಪೂರಾ ಹೋಗಿಲ್ಲ ಇನ್ನಾ. ಕರೆಂಟ್ ಸದ್ಯಕ್ಕ ಬ್ಯಾಡಂತ. ಮತ್ತ ಮೂರು ತಿಂಗಳಿಗೆ ಬಂದು ತೋರಿಸಬೇಕು, ಆಮ್ಯಾಲೂ ವರ್ಷಗಟ್ಲೆ ಬರ್ತಿರಬೇಕು.”

ಮುತ್ತಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಅತ್ತೆಯ ತೋಳು ಹಿಡಿದುಕೊಂಡೆ. ಮಾವ ಮಾತ್ರ ಕೂತಲ್ಲಿಂದ ಏಳದೆ ಅತ್ತೆಯ ಮುಖವನ್ನೇ ಹುಡುಕುತ್ತಿದ್ದರು.

“ಖರೆ ಹೇಳಾಕತ್ತಿಯೋ,” ಅಂದರು, “ನಾ ಹೆದರ್ತೇನಂತ ಹಿಂಗ ಹೇಳಾಕತ್ತಿಯೋ?”

ಆ ಪ್ರಶ್ನೆ ಅವರಿಗೆ ನಾಟಿತು, ನನಗೂ ನಾಟಿತು. “ನೀವೊಂದು ಸುಳ್ಳ ಹೇಳಿದ್ರಿ, ನಾನೊಂದು ಹೇಳಿದೆ. ಏನ್ ಛಲೋ ಆತು ಅದರಿಂದ?” ಅಂದರು. “ಖರೇನೇ ಹೇಳಾಕತ್ತೇನಿ. ನಂಬಿಗಿ ಇಲ್ಲಂದ್ರ ಒಳಗ ಹೋಗಿ ಕೇಳ್ರಿ. ನಾ ಏನೂ ಅನ್ನಂಗಿಲ್ಲ.”

ಅತ್ತೆ ಬೆಂಚಿನ ಮೇಲೆ ಕೂತರು. ಮಾವ ಎದ್ದರು. ಬಾಗಿಲ ತನಕ ಹೋಗಿ ಹಿಡಿಕೆಯ ಮೇಲೆ ಕೈ ಇಟ್ಟರು. ಒಳಗೆ ಡಾಕ್ಟರ್ ಬಾಯಿ ಯಾರ ಜೊತೆಗೋ ಮಾತಾಡುವುದು ಕೇಳಿಸುತ್ತಿತ್ತು. ಅಲ್ಲೇ ನಿಂತರು. ಆಮೇಲೆ ಕೈ ತೆಗೆದು, ಏನೂ ಕೇಳದೆ ತಿರುಗಿ ಬಂದು, ಅತ್ತೆಯ ಪಕ್ಕದಲ್ಲಿ ಕೂತರು.